ಹೊಳೆಯ ಜಮಾ-ಖರ್ಚು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹೆಚ್ಚಿನವರು ಕಾರವಾರದಿಂದ ಕಾಸರಗೋಡಿನವರೆಗಿನ ಕರಾವಳಿಯವರು. ಗಿರಣಿಯಲ್ಲಿ, ಹೋಟೆಲಿನಲ್ಲಿ, ಕಚೇರಿಗಳಲ್ಲಿ ದುಡಿದು, ಪಗಾರವಾದ ವಾರದಲ್ಲೇ ಊರಿಗೆ ಹಣ ಕಳಿಸುವವರು. ಊರಿನಿಂದ ಅವರಿಗೆ ಬರುವ ಸುದ್ದಿಗಳಲ್ಲಿ ಕೆಲವು ಈಚೆಗೆ ಪದೇ ಪದೇ ಬರುತ್ತಿವೆ. ಬಾವಿಗೆ ಉಪ್ಪುನೀರು ನುಗ್ಗಿತು. ಗಜನಿಯ ಒಡ್ಡು ಒಡೆಯಿತು. ಹೊಳೆಯ ಬಾಯಿಯಲ್ಲಿ ಹೂಳು ತುಂಬಿತು. ಮಾರ್ಚಿ ತಿಂಗಳಿಗೇ ತೋಡು ಬತ್ತಿತು. ಅದರ ಬೆನ್ನಿಗೇ ಇನ್ನೊಂದು ಸುದ್ದಿ: ಊರಲ್ಲಿ ಚಂದಾ ಎತ್ತುತ್ತಿದ್ದಾರೆ, ನೀವೂ ಏನಾದರೂ ಕಳಿಸಬೇಕು.

ಕಳಿಸಬೇಕೇ, ಎಷ್ಟು ಕಳಿಸಬೇಕು, ಯಾವ ಖರ್ಚಿಗೆ ಕಳಿಸಬೇಕು ಎಂದು ಕೇಳಿದವರು ಹಲವರು. ಆದುದರಿಂದ ಈ ಸಲದ ಪಾಠಕ್ಕೆ ಅದನ್ನೇ ವಿಷಯವಾಗಿ ತೆಗೆದುಕೊಂಡಿದ್ದೇವೆ. ನಾವು ಇಂಜಿನಿಯರರಲ್ಲ, ವಿಜ್ಞಾನಿಗಳೂ ಅಲ್ಲ; ಲೆಕ್ಕದ ಮೇಜಿನ ಮುಂದೆ ಕೂತು ಕೀರ್ದಿ-ಖತಾವಣಿ ಬರೆಯುವವರು. ಹೊಳೆಯನ್ನು ಸರಿಪಡಿಸುವ ವಿದ್ಯೆಯನ್ನು ಬಲ್ಲವರಿಗೆ ಬಿಟ್ಟು, ಆ ಕೆಲಸದ ಹಣ ಎಲ್ಲಿಂದ ಬರುತ್ತದೆ, ಯಾರ ಕೈಯಲ್ಲಿ ನಿಲ್ಲುತ್ತದೆ, ಯಾವಾಗ ಮುಗಿದುಹೋಗುತ್ತದೆ ಎಂಬುದನ್ನಷ್ಟೇ ನೋಡೋಣ.

ಮೊದಲು ಒಂದು ಮಾತಿನ ಅರ್ಥ. ಸರಕಾರದ ಕಾಗದಗಳಲ್ಲಿ ಬರುವ ‘ಜಲಾನಯನ ಪ್ರದೇಶ’ ಎಂದರೆ ಒಂದು ಹೊಳೆಗೆ ಮಳೆನೀರನ್ನು ಹರಿಸಿಕೊಡುವ ಅಷ್ಟೂ ನೆಲ. ನಮ್ಮ ಹೆಂಚಿನ ಮನೆಯ ಮಾಡನ್ನು ನೆನಸಿಕೊಳ್ಳಿ. ಎಲ್ಲ ಹೆಂಚುಗಳ ಮೇಲೆ ಬಿದ್ದ ನೀರೂ ಅಂಚಿನ ದಂಬೆಗೆ ಇಳಿದು ಒಂದೇ ಕಡೆ ಧುಮುಕುತ್ತದೆ. ಆ ಮಾಡು ಜಲಾನಯನ, ದಂಬೆ ಹೊಳೆ. ಮಾಡಿನ ಮೇಲೆ ಕಸ ಬಿದ್ದರೆ ದಂಬೆ ಕಟ್ಟಿಕೊಳ್ಳುವುದು ಹೇಗೋ, ಘಟ್ಟದ ಮೇಲೆ ಕಾಡು ಕಡಿದು ಮಣ್ಣು ಸಡಿಲಾದರೆ ಸಮುದ್ರದಂಚಿನ ಅಳಿವೆಯಲ್ಲಿ ಹೂಳು ನಿಲ್ಲುವುದೂ ಹಾಗೆಯೇ.

ಕರಾವಳಿಯ ಹೊಳೆಗಳಿಗೆ ಒಂದು ವಿಶೇಷವಿದೆ. ಕೃಷ್ಣೆ, ಕಾವೇರಿಗಳ ಹಾಗೆ ಅವು ನೂರಾರು ಮೈಲಿ ಅಲೆಯುವುದಿಲ್ಲ. ಅಘನಾಶಿನಿಯನ್ನೇ ನೋಡಿರಿ. ಶಿರಸಿ ತಾಲೂಕಿನಲ್ಲಿ ಹುಟ್ಟಿ, ಸಿದ್ದಾಪುರದ ಕಡೆ ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಕುಮಟಾ ತಾಲೂಕಿನಲ್ಲಿ ತದಡಿಗೂ ಅಘನಾಶಿನಿ ಎಂಬ ಹಳ್ಳಿಗೂ ನಡುವೆ ಸಮುದ್ರ ಸೇರುತ್ತದೆ. ಒಟ್ಟು ಹಾದಿ ಸುಮಾರು 120 ಕಿಲೋಮೀಟರು. ಮೇಲಿನ ಸೊಪ್ಪಿನ ಬೆಟ್ಟದವರು ಮಾಡಿದ ಕೆಲಸದ ಫಲ ಕೆಳಗಿನ ಮೀನುಗಾರನಿಗೆ ಬೇಗ ಮುಟ್ಟುತ್ತದೆ. ಅಡ್ಡಲಾಗಿ ದೊಡ್ಡ ಅಣೆಕಟ್ಟು ಇಲ್ಲದ ಹೊಳೆ ಇದು. ಪಕ್ಕದ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ವಿದ್ಯುತ್ತು ತಯಾರಿಸಿ ವರ್ಷವಿಡೀ ಬಿಡುವ ಸಿಹಿನೀರಿನಿಂದ ಆ ಅಳಿವೆಯ ಉಪ್ಪು ಕಡಿಮೆಯಾಗಿ ಬಳಚಿನಂಥ ಚಿಪ್ಪಿಜೀವಿಗಳು ಕ್ಷೀಣಿಸಿದವೆಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಬರೆದಿದ್ದಾರೆ. ಅಘನಾಶಿನಿ ಮಾತ್ರ ಬಳಚಿಗೆ ಹೆಸರಾದ ಅಳಿವೆ. ಮುಂಬಯಿಯಲ್ಲಿರುವ ನಮ್ಮವರು ಮೀನುಪೇಟೆಯಲ್ಲಿ ‘ತಿಸ್ರ್ಯಾ’ ಎಂದು ಕೇಳುವ ವಸ್ತು ಅದೇ.

2024ರ ಜನವರಿ 31ರಂದು ಈ ಅಳಿವೆಯ 4,801 ಹೆಕ್ಟೇರು ಪ್ರದೇಶ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿತೆಂದು ಕೇಂದ್ರ ಸರಕಾರ ಪ್ರಕಟಿಸಿತು. ಮೀನು, ಬಳಚು, ಏಡಿ, ಉಪ್ಪು, ಗಜನಿ ಬೇಸಾಯ ಇವುಗಳಿಂದ 6,000ದಿಂದ 7,500 ಕುಟುಂಬಗಳು ಇಲ್ಲಿ ಬದುಕುತ್ತಿವೆ ಎಂದು ಅದೇ ಪ್ರಕಟಣೆಯಲ್ಲಿದೆ. ಪಟ್ಟಿಗೆ ಸೇರಿದರೆ ಹಣ ತಾನಾಗಿ ಬರುತ್ತದೆಂದು ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ಪಟ್ಟಿ ಗೌರವದ ವಸ್ತು. ಒಡ್ಡಿಗೆ ಮಣ್ಣು ಹೊರುವವನಿಗೆ ಕೂಲಿ ಕೊಡುವ ವಸ್ತು ಅಲ್ಲ.

ಈಗ ಗಜನಿಯ ಮಾತಿಗೆ ಬರೋಣ. ಘಟ್ಟದ ಮೇಲಿನವರಿಗೆ, ಬಯಲುಸೀಮೆಯವರಿಗೆ ಇದರ ಪರಿಚಯ ಇರಲಾರದು. ಉಬ್ಬರದ ನೀರು ಏರಿ ಇಳಿಯುವ ಅಳಿವೆಯಂಚಿನ ತಗ್ಗು ನೆಲಕ್ಕೆ ಒಡ್ಡು ಕಟ್ಟಿ, ಒಡ್ಡಿನಲ್ಲಿ ಹಲಗೆಯ ಬಾಗಿಲಿನ ತೂಬು ಇಟ್ಟು, ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ‘ಕಗ್ಗ’ ಎಂಬ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ತಡೆಯುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದ ಭತ್ತ ಇದು. ಕೊಯ್ಲಾದ ಮೇಲೆ ತೂಬು ತೆರೆದರೆ ಸಮುದ್ರದ ನೀರಿನೊಡನೆ ಸಿಗಡಿ, ಮೀನು ಒಳಗೆ ಬರುತ್ತವೆ. ಭತ್ತದ ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ನೆಲ, ವರ್ಷಕ್ಕೆ ಎರಡು ಬೆಳೆ, ಗೊಬ್ಬರದ ಖರ್ಚಿಲ್ಲ. ಒಡ್ಡಿನ ಹೊರಗೆ ಕಾಂಡ್ಲಾ ಗಿಡಗಳ ಸಾಲು ಇದ್ದರೆ ಅಲೆಯ ಹೊಡೆತ ಅದಕ್ಕೇ ತಾಗಿ ನಿಲ್ಲುತ್ತದೆ.

ಈ ವ್ಯವಸ್ಥೆಗೆ ಹಣ ಯಾರದು? ಹಿಂದಿನ ಕಾಲದಲ್ಲಿ ಊರಿನದೇ. ಮಣ್ಣಿನ ಒಡ್ಡು, ಪ್ರತಿ ವರ್ಷ ಮಳೆಗೆ ಮೊದಲು ದುರಸ್ತಿ. ಗಜನಿಯಲ್ಲಿ ಪಾಲು ಇದ್ದವರು ಆಳು ಕೊಡಬೇಕು, ಇಲ್ಲವೆ ಪಾಲಿನ ಪ್ರಮಾಣದಲ್ಲಿ ವೆಚ್ಚ ಕೊಡಬೇಕು. ತೂಬಿನ ಬಾಯಿಯಲ್ಲಿ ಬಲೆ ಹಾಕುವ ಹಕ್ಕಿನಿಂದ ಸ್ವಲ್ಪ ಉತ್ಪನ್ನ. ಯಾವ ದಿನ ತೂಬು ಮುಚ್ಚುವುದು, ಯಾವ ದಿನ ತೆರೆಯುವುದು ಎಂಬುದನ್ನು ಪಾಲುದಾರರು ಕೂಡಿ ನಿಶ್ಚಯಿಸಬೇಕು. ಇದು ಬಡವರ ವ್ಯವಸ್ಥೆಯೇ ಹೊರತು ಆದರ್ಶದ ಚಿತ್ರವಲ್ಲ. ಭೂಮಾಲಿಕನ ಪಾಲಿಗೂ ಗೇಣಿಯವನ ಬೆವರಿಗೂ ಇದ್ದ ಅಂತರವನ್ನು ನಾವು ಮರೆಯುವಂತಿಲ್ಲ. ಆದರೆ ಲೆಕ್ಕದ ದೃಷ್ಟಿಯಿಂದ ಅದರಲ್ಲೊಂದು ಗುಣವಿತ್ತು: ಖರ್ಚು ಪ್ರತಿ ವರ್ಷದ್ದು, ಜಮೆಯೂ ಪ್ರತಿ ವರ್ಷದ್ದು.

ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ, 1948ರಲ್ಲಿ, ಇಂಥ ಉಪ್ಪುನೆಲಗಳಿಗೆಂದು ಮುಂಬಯಿ ಖಾರ್‌ಲ್ಯಾಂಡ್ ಕಾಯಿದೆ ಆಯಿತು. 1970ರ ದಶಕದಲ್ಲಿ ಸರಕಾರದ ವೆಚ್ಚದಿಂದ ಹಲವು ಕಡೆ ಕಲ್ಲಿನ ಕಾಯಂ ಒಡ್ಡುಗಳು ಎದ್ದವು. ಕೆಲಸ ದೊಡ್ಡದು, ಉದ್ದೇಶವೂ ಒಳ್ಳೆಯದು. ಆದರೆ ಒಡ್ಡು ಸರಕಾರದ್ದು ಎಂದಾದ ಮೇಲೆ ದುರಸ್ತಿಯೂ ಸರಕಾರದ್ದು ಎಂಬ ಭಾವನೆ ಬೆಳೆಯಿತು. ಪಾಲುದಾರರು ಆಳು ಕೊಡುವ ವಾಡಿಕೆ ಸಡಿಲಾಯಿತು. ಮುಂದೆ ಸಿಗಡಿಗೆ ಒಳ್ಳೆಯ ಬೆಲೆ ಬಂದಾಗ ಗಜನಿಗಳನ್ನು ಒಟ್ಟಾಗಿ ಗುತ್ತಿಗೆಗೆ ಕೊಡುವುದು ಲಾಭವೆಂದು ಕಂಡಿತು. ಗುತ್ತಿಗೆದಾರನಿಗೆ ಭತ್ತ ಬೇಡ, ವರ್ಷವಿಡೀ ಉಪ್ಪುನೀರು ಬೇಕು. ಒಡ್ಡು ಹತ್ತು ವರ್ಷ ಬಾಳಬೇಕೆಂಬ ಚಿಂತೆಯೂ ಅವನಿಗಿಲ್ಲ, ಅವನ ಕರಾರು ಕೆಲವೇ ವರ್ಷದ್ದು. ಸಿಗಡಿಗೆ ರೋಗ ಬಂದು ಆ ವ್ಯಾಪಾರ ಇಳಿದಾಗ ಊರಿಗೆ ಉಳಿದದ್ದು ಬಿರುಕುಬಿಟ್ಟ ಒಡ್ಡು, ಕಗ್ಗದ ಬೀಜವಿಲ್ಲದ ಕಣಜ. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೆರೆಗಳನ್ನು ತೆಗೆಯಬೇಕೆಂದು ತೀರ್ಪು ಕೊಟ್ಟಿತು. ಸಾಂಪ್ರದಾಯಿಕ ರೀತಿಯ ಸಾಕಣೆಗೆ ಮಾತ್ರ ವಿನಾಯಿತಿ. ಕೆಡಿಸಿದವನೇ ಪರಿಹಾರ ಕೊಡಬೇಕೆಂಬ ತತ್ವವನ್ನೂ ಆ ತೀರ್ಪು ಎತ್ತಿ ಹಿಡಿಯಿತು. ತೀರ್ಪಿನಿಂದ ನ್ಯಾಯ ಸಿಕ್ಕಿತು, ಒಡ್ಡಿನ ದುರಸ್ತಿಗೆ ಮಾತ್ರ ಬೇರೆ ದಾರಿಯನ್ನೇ ಹುಡುಕಬೇಕಾಗಿತ್ತು. ಕುಮಟಾದ ಮಾಣಿಕಟ್ಟಾದಂಥ ಊರುಗಳಲ್ಲಿ ರೈತರು ಕೂಡಿಕೊಂಡು ಕಗ್ಗವನ್ನು ಉಳಿಸಿಕೊಂಡಿದ್ದಾರೆ. ಅಂಥವರಿಂದಲೇ ಬೀಜ ಉಳಿದಿದೆ.

ದಕ್ಷಿಣದ ಕಡೆಯವರಿಗೆ ಇನ್ನೊಂದು ಉದಾಹರಣೆ ಸಾಕು. ದಕ್ಷಿಣ ಕನ್ನಡ, ಕಾಸರಗೋಡಿನ ತೋಡುಗಳಿಗೆ ತೋಟದವರು ವರ್ಷಕ್ಕೊಮ್ಮೆ ಕಲ್ಲು, ಮಣ್ಣು, ಸೊಪ್ಪುಗಳಿಂದ ‘ಕಟ್ಟ’ ಕಟ್ಟುತ್ತಿದ್ದರು. ಖರ್ಚನ್ನು ತೋಟದ ವಿಸ್ತಾರ ನೋಡಿ ಹಂಚಿಕೊಳ್ಳುತ್ತಿದ್ದರು. ಅದರ ಬದಲು ಸರಕಾರದಿಂದ ಸಿಮೆಂಟಿನ ಕಿಂಡಿ ಅಣೆಕಟ್ಟುಗಳು ಬಂದವು. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಹಾಕಬೇಕು, ಮಳೆಗೆ ಮೊದಲು ತೆಗೆದಿಡಬೇಕು. ಇದಕ್ಕೆ ಬೇಕಾದದ್ದು ಎರಡು ದಿನದ ಆಳು, ಒಂದಿಷ್ಟು ಹೊಸ ಹಲಗೆ. ಎಷ್ಟೋ ಕಡೆ ಅಣೆಕಟ್ಟು ನಿಂತಿದೆ, ಹಲಗೆಯಿಲ್ಲ. ನೀರು ಕಿಂಡಿಯಲ್ಲಿ ಹಾದು ಸಮುದ್ರಕ್ಕೆ ಹೋಗುತ್ತದೆ. ಲಕ್ಷಗಟ್ಟಲೆ ರೂಪಾಯಿ ಸಿಕ್ಕಿತು, ಸಾವಿರ ರೂಪಾಯಿ ಸಿಗಲಿಲ್ಲ. ಗಿರಣಿಯಲ್ಲಿ ಹೊಸ ಸಾಳಗಳನ್ನು ತರಿಸಿ ಎಣ್ಣೆಯ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಬರೆಯದಿದ್ದರೆ ಏನಾಗುತ್ತದೆಂದು ನಮ್ಮ ಓದುಗರಿಗೆ ನಾವು ಹೇಳಬೇಕಾಗಿಲ್ಲ.

ಸರಕಾರ ಇದನ್ನು ಅರಿತಿಲ್ಲವೆಂದಲ್ಲ. ಹಣಕಾಸಿನ ಕ್ರಮವನ್ನು ಬದಲಿಸಲು ಒಳ್ಳೆಯ ಪ್ರಯತ್ನಗಳು ನಡೆದಿವೆ. ಮಹಾರಾಷ್ಟ್ರದಲ್ಲಿ ಹರ್ಮನ್ ಬಾಕರ್ ಎಂಬ ಸ್ವಿಸ್ ಪಾದ್ರಿ 1989ರ ಸುಮಾರಿಗೆ ಯೋಚಿಸಿ, ಜರ್ಮನಿಯ ನೆರವು ಹಾಗೂ ನಬಾರ್ಡಿನ ಮೂಲಕ ನಡೆದ ಇಂಡೋ-ಜರ್ಮನ್ ಜಲಾನಯನ ಕಾರ್ಯಕ್ರಮದಲ್ಲಿ ಊರವರು ಮೊದಲು ಶ್ರಮದಾನ ಮಾಡಿ ತೋರಿಸಬೇಕಿತ್ತು. ಗುಡ್ಡದ ಮೇಲೆ ದನ ಬಿಡುವುದನ್ನೂ ಮರ ಕಡಿಯುವುದನ್ನೂ ನಿಲ್ಲಿಸಬೇಕಿತ್ತು. ಆಮೇಲೆ ಹಣ, ಅದೂ ಊರಿನ ಸಮಿತಿಯ ಖಾತೆಗೆ. ಅದು ಒಳನಾಡಿನ ಬರಗಾಲದ ಹಳ್ಳಿಗಳ ಕಥೆ. ಆದರೆ ಅಲ್ಲಿನ ಪಾಠವನ್ನು ದೇಶವೇ ತೆಗೆದುಕೊಂಡಿತು. 1999-2000ದಲ್ಲಿ ಕೇಂದ್ರ ಸರಕಾರ ನೂರು ಕೋಟಿ, ನಬಾರ್ಡ್ ನೂರು ಕೋಟಿ ಹಾಕಿ ಜಲಾನಯನ ಅಭಿವೃದ್ಧಿ ನಿಧಿಯನ್ನು ಮಾಡಿದವು.

2008ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸಾಮಾನ್ಯ ಮಾರ್ಗಸೂಚಿಗಳನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಅದು ನಮ್ಮಂಥ ಕಾರಕೂನರಿಗೆ ಓದಲು ರುಚಿಯಾದ ಪುಸ್ತಕ. ಬಯಲಿನ ನೆಲಕ್ಕೆ ಹೆಕ್ಟೇರಿಗೆ 12,000 ರೂಪಾಯಿ, ಗುಡ್ಡಗಾಡು ಹಾಗೂ ಕಷ್ಟದ ನೆಲಕ್ಕೆ 15,000 ರೂಪಾಯಿ ದರ. ಆ ಹಣದ ನೂರು ಪಾಲಿನಲ್ಲಿ ಹತ್ತು ಆಡಳಿತಕ್ಕೆ. ನಾಲ್ಕು ಪಾಲು ಊರವರ ವಿಶ್ವಾಸ ಗಳಿಸಲು ಮೊದಲು ಮಾಡುವ ಸಣ್ಣ ಕೆಲಸಕ್ಕೆ. ಕುಡಿಯುವ ನೀರಿನ ಕಟ್ಟೆಯೋ ಶಾಲೆಯ ಜಗಲಿಯೋ ಆಗಬಹುದು. ಐದು ಪಾಲು ಸಂಘ ಕಟ್ಟಲು, ತರಬೇತಿಗೆ. ಯೋಜನೆಯ ವಿವರ ಬರೆಯಲು ಒಂದು, ಮೇಲ್ವಿಚಾರಣೆಗೆ ಒಂದು, ಮೌಲ್ಯಮಾಪನಕ್ಕೆ ಒಂದು. ನೆಲ-ನೀರಿನ ನಿಜವಾದ ಕೆಲಸಕ್ಕೆ ಐವತ್ತು. ಆಸ್ತಿಯಿಲ್ಲದವರ ಜೀವನೋಪಾಯಕ್ಕೆ ಹತ್ತು, ಉತ್ಪಾದನೆ ಮತ್ತು ಸಣ್ಣ ಉದ್ಯೋಗಗಳಿಗೆ ಹದಿಮೂರು, ಕೊನೆಯಲ್ಲಿ ಎಲ್ಲವನ್ನೂ ಗಟ್ಟಿಮಾಡಿ ಒಪ್ಪಿಸಲು ಐದು. ಮುಂದೆ ಈ ಹಂಚಿಕೆಯಲ್ಲಿ ಸ್ವಲ್ಪ ಬದಲಾಗಿ ಕೆಲಸದ ಪಾಲು ಐವತ್ತಾರಕ್ಕೆ ಏರಿತು. 2021-22ರಿಂದ 2025-26ರ ಅವಧಿಯ ಯೋಜನೆಗೆ ದರವನ್ನು 22,000 ಮತ್ತು 28,000 ರೂಪಾಯಿಗೆ ಹೆಚ್ಚಿಸಿದರು.

ನೂರಕ್ಕೆ ಐವತ್ತು ಮಾತ್ರ ಕೆಲಸಕ್ಕೆ, ಉಳಿದದ್ದು ಏನಾಯಿತು ಎಂದು ಕೆಲವರು ಹುಬ್ಬೇರಿಸುತ್ತಾರೆ. ಸಂಘವಿಲ್ಲದೆ ಕಟ್ಟಿದ ಒಡ್ಡಿನ ಗತಿಯನ್ನು ಮೇಲೆ ನೋಡಿದ್ದೇವೆ. ಆದುದರಿಂದ ಸಂಘಕ್ಕೆ ಇಟ್ಟ ಐದು ಪಾಲು ನಮಗೆ ಹೆಚ್ಚೆಂದು ಕಾಣುವುದಿಲ್ಲ.

ಇದಕ್ಕಿಂತ ಮುಖ್ಯವಾದ ನಿಯಮ ಬೇರೆಯಿದೆ. ಖಾಸಗಿ ಜಮೀನಿನಲ್ಲಿ ಮಾಡುವ ನೆಲ-ನೀರಿನ ಕೆಲಸದ ವೆಚ್ಚದಲ್ಲಿ ಹತ್ತನೆಯ ಒಂದು ಪಾಲನ್ನು ಜಮೀನಿನವನು ವಂತಿಗೆಯಾಗಿ ಕೊಡಬೇಕು. ಪರಿಶಿಷ್ಟರು ಮತ್ತು ಸಣ್ಣ ಹಿಡುವಳಿದಾರರಿಗೆ ನೂರಕ್ಕೆ ಐದು. ಈ ವಂತಿಗೆ ಸರಕಾರಕ್ಕೆ ಹೋಗುವುದಿಲ್ಲ. ಊರಿನದೇ ಒಂದು ನಿಧಿಗೆ, ಬೇರೆ ಬ್ಯಾಂಕು ಖಾತೆಗೆ ಹೋಗುತ್ತದೆ. ಯೋಜನೆ ಮುಗಿದ ಮೇಲೆ ಆ ನಿಧಿಯಲ್ಲಿ ಕನಿಷ್ಠ ಅರ್ಧವನ್ನು ಸಾರ್ವಜನಿಕ ಕಟ್ಟಡಗಳ ದುರಸ್ತಿಗೆ ಕಾದಿಡಬೇಕು. ಉಳಿದದ್ದನ್ನು ವಂತಿಗೆ ಕೊಟ್ಟವರಿಗೆ ಸಾಲವಾಗಿ ತಿರುಗಿಸಬಹುದು. ಅಂದರೆ ಎಣ್ಣೆಯ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಬರೆದರು.

ಸಾಕಾಗುತ್ತದೆಯೇ? ಒಂದು ಕಲ್ಪಿತ ಊರನ್ನು ಇಟ್ಟುಕೊಂಡು ಲೆಕ್ಕ ಮಾಡಿ ನೋಡೋಣ, ಕಾಗದ-ಪೆನ್ಸಿಲು ತೆಗೆದುಕೊಳ್ಳಿರಿ. ನೂರು ಹೆಕ್ಟೇರು ನೆಲ. 2008ರ ದರದಲ್ಲಿ ಹೆಕ್ಟೇರಿಗೆ 15,000ದಂತೆ ಒಟ್ಟು 15 ಲಕ್ಷ. ಕೆಲಸದ ಪಾಲು ಅರ್ಧ, 7,50,000. ಅದೆಲ್ಲವೂ ಸಣ್ಣ ಹಿಡುವಳಿದಾರರ ನೆಲದಲ್ಲಿಯೇ ಆಯಿತೆಂದು ತಿಳಿದರೆ ವಂತಿಗೆ ನೂರಕ್ಕೆ ಐದರಂತೆ 37,500. ಅದರಲ್ಲಿ ಅರ್ಧ ದುರಸ್ತಿಗೆ, 18,750. ಒಡ್ಡು, ತೂಬು, ಕಾಂಡ್ಲಾ ಸಸಿಗಳ ಕಾವಲು ಎಲ್ಲ ಸೇರಿ ಆ ಊರಿಗೆ ವರ್ಷಕ್ಕೆ 60,000 ರೂಪಾಯಿ ಬೇಕೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 5,000. ಕಾದಿಟ್ಟ ನಿಧಿ ನಾಲ್ಕು ತಿಂಗಳಿಗೂ ಬರುವುದಿಲ್ಲ. ನಿಯಮ ಸರಿಯಾದ ದಾರಿಯನ್ನೇ ತೋರಿಸಿತು, ಆದರೆ ಬುತ್ತಿ ಚಿಕ್ಕದು. ವರ್ಷ ವರ್ಷ ಬರುವ ಒಂದು ಉತ್ಪನ್ನವನ್ನು ಊರು ಹುಡುಕಿಕೊಳ್ಳದೆ ಗತ್ಯಂತರವಿಲ್ಲ.

ಹಾಗೆ ಹುಡುಕಿಕೊಂಡ ಊರೊಂದರ ಸಂಗತಿಯನ್ನು ಹೇಳಲು ನಾವು ಸಮುದ್ರ ದಾಟಬೇಕಾಗಿದೆ. ನಮ್ಮ ಅರಬ್ಬೀ ಸಮುದ್ರದ ಆಚೆ, ಪೂರ್ವ ಆಫ್ರಿಕದ ಕೆನ್ಯಾ ದೇಶದಲ್ಲಿ ಮೊಂಬಾಸಾ ಬಂದರಿನ ದಕ್ಷಿಣಕ್ಕೆ ಗಾಜಿ ಎಂಬ ಕೊಲ್ಲಿಯಿದೆ. (ಹೆಸರು ಕೇಳಿ ನಮ್ಮ ಗಜನಿ ನೆನಪಾದರೆ ಅದು ಕಾಕತಾಳೀಯ.) ಅಲ್ಲಿಯ ಕಾಂಡ್ಲಾ ಕಾಡನ್ನು 1970ರ ದಶಕದಲ್ಲಿ ಸುಣ್ಣ, ಇಟ್ಟಿಗೆಯ ಭಟ್ಟಿಗಳ ಸೌದೆಗಾಗಿ ಕಡಿದು ಬೋಳು ಮಾಡಿದ್ದರು. ಜೇಮ್ಸ್ ಕೈರೋ ಎಂಬ ಆ ದೇಶದ ಸಮುದ್ರ ವಿಜ್ಞಾನಿ 1990ರ ದಶಕದ ಆರಂಭದಿಂದ ಊರವರ ಜೊತೆ ಸೇರಿ ಸಸಿ ನೆಡಿಸತೊಡಗಿದರು. ಗಿಡ ಬೆಳೆಯಿತು. ಆದರೆ ಕಾಯುವವರ ಕೂಲಿಗೆ ಹಣ?

ಆಗ ಗಾಜಿ, ಮಕೊಂಗೇನಿ ಎಂಬ ಎರಡು ಹಳ್ಳಿಗಳವರು ‘ಮಿಕೋಕೋ ಪಮೋಜಾ’ ಎಂಬ ಸಂಘವನ್ನು ಮಾಡಿದರು. ಸ್ವಾಹಿಲಿ ಭಾಷೆಯಲ್ಲಿ ಕಾಂಡ್ಲಾಗಳು ಕೂಡಿಕೊಂಡು ಎಂದರ್ಥ. ಕಾಂಡ್ಲಾ ಮರ ಮತ್ತು ಅದರ ಬುಡದ ಕೆಸರು ಗಾಳಿಯಲ್ಲಿನ ಇಂಗಾಲವನ್ನು ಹೀರಿ ಬಹುಕಾಲ ಹಿಡಿದಿಡುತ್ತವೆ. ಹೊಗೆ ಬಿಡುವ ಶ್ರೀಮಂತ ದೇಶಗಳ ಕಂಪನಿಗಳೂ ವ್ಯಕ್ತಿಗಳೂ ತಮ್ಮ ಹೊಗೆಗೆ ಪ್ರತಿಯಾಗಿ, ಹೀಗೆ ಹಿಡಿದಿಟ್ಟ ಇಂಗಾಲದ ಟನ್ನಿಗೆ ಇಷ್ಟು ಎಂದು ಹಣ ಕೊಡುತ್ತಾರೆ. ಸಂಘವು 117 ಹೆಕ್ಟೇರು ಕಾಂಡ್ಲಾ ಕಾಡನ್ನು ಕಾಯುವ ಕರಾರು ಮಾಡಿಕೊಂಡು, 2013ರಲ್ಲಿ ಅದಕ್ಕೆ ಪ್ರಮಾಣಪತ್ರ ಪಡೆಯಿತು. ವರ್ಷಕ್ಕೆ ಸುಮಾರು 3,000 ಟನ್ನು ಇಂಗಾಲಾಮ್ಲದ ಲೆಕ್ಕ. ಆರಂಭದ ವರ್ಷಗಳಲ್ಲಿ ವಾರ್ಷಿಕ ಉತ್ಪನ್ನ ಸುಮಾರು 12,000 ಡಾಲರು. ಆಗಿನ ವಿನಿಮಯದಲ್ಲಿ ಏಳು ಲಕ್ಷ ರೂಪಾಯಿಯ ಆಸುಪಾಸು. ಹೆಕ್ಟೇರಿಗೆ ಹಂಚಿದರೆ ಆರು ಸಾವಿರ ರೂಪಾಯಿ. ನಮ್ಮ ದೇಶದ 15,000ಕ್ಕೆ ಹೋಲಿಸಿದರೆ ಸಣ್ಣದು. ಆದರೆ ನಮ್ಮದು ಒಮ್ಮೆ ಬರುವ ಹಣ, ಅವರದು ವರ್ಷ ವರ್ಷ ಬರುವ ಹಣ. ಮೂರನೆಯ ವರ್ಷಕ್ಕೆ ಅವರು ನಮ್ಮನ್ನು ದಾಟುತ್ತಾರೆ.

ಹಣ ಬಂದರೆ ಸಾಲದು, ಅದನ್ನು ಹೇಗೆ ಇಟ್ಟರು ಎಂಬುದು ನಮಗೆ ಹೆಚ್ಚು ಮೆಚ್ಚಿಕೆಯಾಯಿತು. ಮಾರಾಟದ ಕಾಗದಪತ್ರಗಳನ್ನು ಸ್ಕಾಟ್ಲೆಂಡಿನ ಒಂದು ಧರ್ಮಾರ್ಥ ಸಂಸ್ಥೆ ನೋಡಿಕೊಳ್ಳುತ್ತದೆ. ಊರಿನಲ್ಲಿ ಚುನಾಯಿತ ಸಮಿತಿಯಿದೆ. ಯಾವುದಕ್ಕೆ ಖರ್ಚು ಮಾಡಬೇಕೆಂಬುದು ಊರ ಬಹಿರಂಗ ಸಭೆಯಲ್ಲಿ ತೀರ್ಮಾನ. ಕುಡಿಯುವ ನೀರಿನ ವ್ಯವಸ್ಥೆ, ಶಾಲೆಯ ಪುಸ್ತಕಗಳು, ಶಾಲೆಯ ಕಟ್ಟಡದ ದುರಸ್ತಿ, ಇಂಥವಕ್ಕೆ ಹಣ ಹೋಯಿತು. ಕಾಂಡ್ಲಾದ ಮರ ಕಡಿಯಬೇಡಿ ಎಂದಷ್ಟೇ ಹೇಳಿದರೆ ಒಲೆ ಉರಿಯುವುದು ಹೇಗೆ? ಅದಕ್ಕಾಗಿ ಬೇರೆ ನೆಲದಲ್ಲಿ ಗಾಳಿ ಮರ ಬೆಳೆಸಿದರು. ಕಾರವಾರದ ಕಡಲತೀರದವರಿಗೆ ಈ ಮರದ ಗುರುತು ಹೇಳಬೇಕಾಗಿಲ್ಲ. ಕಾಡಿನಿಂದ ಶಾಲೆಗೆ ಪುಸ್ತಕ ಬಂತೆಂದು ಮಕ್ಕಳಿಗೂ ತಿಳಿದಿರುವಾಗ ರಾತ್ರಿ ಕೊಡಲಿ ಹಿಡಿದು ಹೋಗುವವನನ್ನು ತಡೆಯಲು ಕಾವಲುಗಾರನೊಬ್ಬನೇ ಇರುವುದಿಲ್ಲ. 2017ರಲ್ಲಿ ಈ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಇದನ್ನು ಹಾಗೆಯೇ ಕುಮಟೆಗೆ ತಂದು ನೆಡಬಹುದೆಂದು ನಾವು ಹೇಳುತ್ತಿಲ್ಲ. ಇಂಗಾಲದ ಬೆಲೆ ಹತ್ತಿಯ ಬೆಲೆಯ ಹಾಗೆ ಏರಿಳಿಯುತ್ತದೆ. ಅಳೆಯುವ, ಪ್ರಮಾಣಪತ್ರ ಪಡೆಯುವ ಖರ್ಚು ಸಣ್ಣ ಕಾಡಿಗೆ ಭಾರ. ಅಲ್ಲಿಯೂ ವಿಜ್ಞಾನಿಗಳ ನೆರವು ಇಲ್ಲದೆ ಅದು ಆಗುತ್ತಿರಲಿಲ್ಲ. ಹೊಗೆ ಬಿಡುವವನಿಗೆ ಹಣ ಕೊಟ್ಟು ಬಿಡಿಸಿಕೊಳ್ಳಲು ಇದು ದಾರಿಯಾಯಿತೆಂಬ ಆಕ್ಷೇಪವೂ ಇದೆ, ಅದರಲ್ಲಿ ತಥ್ಯವಿದೆ. ಎಲ್ಲಕ್ಕಿಂತ ಮೊದಲಿನ ಪ್ರಶ್ನೆ ಕಾಡು ಯಾರದು ಎಂಬುದು. ಕೆನ್ಯಾದಲ್ಲಿ 2005ರ ಅರಣ್ಯ ಕಾಯಿದೆ ಊರಿನ ಸಂಘಕ್ಕೆ ಸರಕಾರದೊಡನೆ ಕರಾರು ಮಾಡಿಕೊಳ್ಳುವ ಅಧಿಕಾರ ಕೊಟ್ಟಿತು. ಕರಾರಿನ ಬಲದಿಂದ ಸಂಘ ಮಾರಿತು. ನಮ್ಮಲ್ಲಿ 1993ರ ಆದೇಶದಿಂದ ಗ್ರಾಮ ಅರಣ್ಯ ಸಮಿತಿಗಳು ಬಂದವು. ಬ್ರಿಟಿಷ್ ಸರಕಾರದ ನೆರವಿನಿಂದ 1990ರ ದಶಕದಲ್ಲಿ ನಡೆದ ಪಶ್ಚಿಮ ಘಟ್ಟದ ಅರಣ್ಯ ಯೋಜನೆಯಲ್ಲಿ ಉತ್ತರ ಕನ್ನಡದಲ್ಲಿಯೇ ಇವು ಬಹಳ ಹುಟ್ಟಿಕೊಂಡವು. ಹೊರಗಿನ ಹಣ ನಿಂತ ಮೇಲೆ ಅನೇಕ ಸಮಿತಿಗಳು ಹೆಸರಿಗೆ ಮಾತ್ರ ಉಳಿದವು. ಸಮಿತಿ ಇತ್ತು, ಅದಕ್ಕೊಂದು ವಾರ್ಷಿಕ ಉತ್ಪನ್ನ ಇರಲಿಲ್ಲ.

ಈಚಿನ ಯೋಜನೆಯೊಂದನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. 2023-24ರ ಕೇಂದ್ರ ಬಜೆಟ್ಟಿನಲ್ಲಿ ‘ಮಿಷ್ಟಿ’ ಎಂಬ ಕಾಂಡ್ಲಾ ಯೋಜನೆ ಪ್ರಕಟವಾಗಿ, ಅದೇ 2023ರ ಜೂನ್ 5ರಂದು ಆರಂಭವಾಯಿತು. ಐದು ವರ್ಷಗಳಲ್ಲಿ 540 ಚದರ ಕಿಲೋಮೀಟರು ಗುರಿ. ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಮ್ಮ ರಾಜ್ಯದ ಕಾಂಡ್ಲಾ ಕಾಡು 2021ರ ಅರಣ್ಯ ಸಮೀಕ್ಷೆಯಂತೆ 13 ಚದರ ಕಿಲೋಮೀಟರು ಮಾತ್ರ. ಹಣವನ್ನು ಉದ್ಯೋಗ ಖಾತರಿ ಮತ್ತು ಕಾಂಪಾ ನಿಧಿಗಳನ್ನು ಕೂಡಿಸಿ ತರುವುದಾಗಿ ಆಗ ಹೇಳಿದ್ದರು. ಕಾಂಪಾ ಎಂದರೆ ಗಣಿಗೋ ರಸ್ತೆಗೋ ಅರಣ್ಯಭೂಮಿ ಪಡೆದವರು ಪ್ರತಿಯಾಗಿ ಕಟ್ಟುವ ಹಣ. 2016ರಲ್ಲಿ ಅದಕ್ಕೊಂದು ಕಾಯಿದೆಯೂ ಆಗಿದೆ. ಒಂದು ಕಡೆ ಕಾಡು ಹೋದಾಗ ಮಾತ್ರ ತುಂಬುವ ಹುಂಡಿ ಅದು ಎಂಬುದನ್ನು ಓದುಗರು ಗಮನಿಸಬೇಕು. ಸಸಿ ನೆಡಲು ಇಂಥ ಹಣ ಧಾರಾಳವಾಗಿ ಸಿಗಬಹುದು. ನೆಟ್ಟ ಸಸಿಯನ್ನು ಮೂರು-ನಾಲ್ಕು ವರ್ಷ ದನಕರುಗಳಿಂದ, ತೇಲಿಬರುವ ಕಸದಿಂದ ಕಾಯುವವರು ಊರವರೇ.

ಈಗ ನಮ್ಮ ಕಲ್ಪಿತ ಊರಿಗೆ ತಿರುಗಿ ಬರೋಣ. ವರ್ಷಕ್ಕೆ 60,000 ಬೇಕು. ಊರಲ್ಲಿ ಎಂಬತ್ತು ಮನೆ. ಮನೆಗೆ ತಿಂಗಳಿಗೆ 25 ರೂಪಾಯಿಯಂತೆ ವರ್ಷಕ್ಕೆ 24,000. ಹಣ ಕೊಡಲಾಗದವರು ಅಷ್ಟು ಬೆಲೆಯ ಆಳಿನ ದಿನ ಕೊಡಲಿ, ಅದನ್ನೂ ಹಾಜರಿ ಪುಸ್ತಕದಲ್ಲಿ ಬರೆದು ಜಮೆ ಹಿಡಿಯಬೇಕು. ತೂಬಿನ ಬಾಯಿಯ ಮೀನಿನ ಹಕ್ಕನ್ನು ಊರ ಸಭೆಯಲ್ಲಿಯೇ ಬಹಿರಂಗ ಹರಾಜು ಹಾಕಿದರೆ 30,000 ಬಂತೆಂದು ಇಟ್ಟುಕೊಳ್ಳೋಣ. ಒಟ್ಟು 54,000. ಕೊರತೆ 6,000. ಆ ಊರಿನವರು ಇಪ್ಪತ್ತು ಮಂದಿ ಮುಂಬಯಿಯಲ್ಲಿದ್ದರೆ ತಲೆಗೆ ತಿಂಗಳಿಗೆ 25 ರೂಪಾಯಿ, ಅಂದರೆ ಊರಿನ ಮನೆಯವರು ಕೊಡುವಷ್ಟೇ. ಕೊರತೆ ತುಂಬಿತು.

ಇಪ್ಪತ್ತು ಮಂದಿಯೂ ಸೇರಿ ಒಮ್ಮೆಗೇ ಒಂದು ಲಕ್ಷ ಕಳಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಉತ್ಸಾಹಿಗಳು ಕೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಮುಂಬಯಿಯ ಹಣದಿಂದಲೇ ಒಡ್ಡು ನಿಲ್ಲುತ್ತದೆ ಎಂದಾದ ದಿನ ಆ ಎಂಬತ್ತು ಮನೆಯವರು ಆಳು ಕೊಡುವುದನ್ನು ನಿಲ್ಲಿಸುತ್ತಾರೆ. ಸರಕಾರದ ಕಲ್ಲಿನ ಒಡ್ಡಿನ ಕಥೆಯೇ ನಮ್ಮ ಹೆಸರಿನಲ್ಲಿ ಮತ್ತೊಮ್ಮೆ ನಡೆಯುತ್ತದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹೊರಗಿನ ದೇಣಿಗೆ ನಡೆಯುತ್ತದೆ, ಏಕೆಂದರೆ ಗೋಪುರ ಒಮ್ಮೆ ಎದ್ದರೆ ಬಹುಕಾಲ ನಿಲ್ಲುತ್ತದೆ. ಒಡ್ಡು ಹಾಗಲ್ಲ. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೊರಗಿನಿಂದ ಬೇಡ ಎಂದು ನಾವು ಹೇಳುವುದಕ್ಕೆ ಕಾರಣ ಇದೇ.

ಚಂದಾ ಕೇಳಿ ಬಂದವರನ್ನು ಕೇಳಬೇಕಾದ ಪ್ರಶ್ನೆಗಳು ನಾಲ್ಕೈದಿವೆ. ಖಾತೆ ವ್ಯಕ್ತಿಯ ಹೆಸರಿನಲ್ಲಿದೆಯೇ, ಸಮಿತಿಯ ಹೆಸರಿನಲ್ಲಿದೆಯೇ? ಹಣ ತೆಗೆಯಲು ಎಷ್ಟು ಜನರ ಸಹಿ ಬೇಕು? ಹೋದ ವರ್ಷದ ಜಮಾ-ಖರ್ಚನ್ನು ಗ್ರಾಮಸಭೆಯಲ್ಲಿ ಓದಿದರೇ? ಸಮಿತಿಯಲ್ಲಿ ಬಳಚು ಹೆಕ್ಕುವ ಹೆಂಗಸರಲ್ಲಿ, ಭೂಮಿಯಿಲ್ಲದವರಲ್ಲಿ ಯಾರಾದರೂ ಇದ್ದಾರೆಯೇ? 2008ರ ಮಾರ್ಗಸೂಚಿಯಂತೆ ಸಮಿತಿಯ ಅರ್ಧದಷ್ಟು ಜನ ಇಂಥವರ ಹಾಗೂ ಸ್ವಸಹಾಯ ಸಂಘಗಳ ಪ್ರತಿನಿಧಿಗಳಾಗಿರಬೇಕು. ಊರಿನಲ್ಲಿ ಹಿಂದೆ ಜಲಾನಯನ ಯೋಜನೆ ನಡೆದಿದ್ದರೆ ಅದರ ನಿಧಿಯ ಪಾಸುಪುಸ್ತಕ ಈಗ ಎಲ್ಲಿದೆ? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಕೆಳಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಪಂಚಾಯಿತಿಯನ್ನು ಕೇಳಬಹುದು. ಹೊಸ ಚಂದಾ ಎತ್ತುವ ಮೊದಲು ಹಳೆಯ ಬಾಕಿಯನ್ನು ತಾಳೆ ನೋಡುವುದು ಲೆಕ್ಕದವರ ವಾಡಿಕೆ.

ಒಡ್ಡಿನ ದುರಸ್ತಿ ನಡೆಯುವುದು ಏಪ್ರಿಲ್-ಮೇ ತಿಂಗಳಲ್ಲಿ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಮಳೆ ಪೂರ್ತಿ ನಿಂತ ಮೇಲೆ, ನವೆಂಬರ್ ಸುಮಾರಿಗೆ. ಹಣ ಅದಕ್ಕಿಂತ ಒಂದು ತಿಂಗಳು ಮುಂಚೆ ಊರು ಮುಟ್ಟಬೇಕು. ಗಣೇಶ ಚೌತಿಗೆ ಊರಿಗೆ ಹೋಗುವವರು ಸಮಿತಿಯ ಪುಸ್ತಕವನ್ನು ಕಣ್ಣಾರೆ ನೋಡಿ ಬರಲಿ. ಮಾರ್ಗಸೂಚಿಯ ಒಂದು ಪ್ರತಿಯನ್ನು ವಾಚನಾಲಯದ ದೊಡ್ಡ ಮೇಜಿನ ಮೇಲೆ ಇಟ್ಟಿದ್ದೇವೆ. ಇಂಗ್ಲಿಷಿನಲ್ಲಿದೆ, ಓದಲು ತೊಡಕಾದವರಿಗೆ ರವಿವಾರ ಸಂಜೆ ಐದರಿಂದ ಏಳರವರೆಗೆ ಕೂತು ಕನ್ನಡದಲ್ಲಿ ಹೇಳುತ್ತೇವೆ. ಎರಡನೆಯ ಪಾಳಿಯವರು ಬೆಳಿಗ್ಗೆ ಹತ್ತಕ್ಕೆ ಬರಬಹುದು.